ಗೆರೆ ಅಳಿಸಿದರೆ ಅಂತರ ಮಾಯ

2016ರ ಜನವರಿ 1ರಂದು ಯುರೋಪಿನೊಳಗಿನ ಫ್ರಾನ್ಸಿನ 22 ಪ್ರಾಂತ್ಯಗಳು 13ಕ್ಕೆ ಇಳಿದವು. ಆದಾಯದಲ್ಲಿ ಹಿಂದುಳಿದ ಲಿಮೂಜೆನ್, ಬೋರ್ಡೊ ನಗರವಿರುವ ಅಕಿಟೇನ್ ಜೊತೆ ಸೇರಿಹೋಯಿತು. ಯಾರ ಜೇಬಿಗೂ ಒಂದು ಯೂರೋ ಹೆಚ್ಚಿಗೆ ಬೀಳಲಿಲ್ಲ. ಆದರೂ ಪ್ರಾಂತ್ಯವಾರು ಲೆಕ್ಕದಲ್ಲಿ ಅಂತರ ಕುಗ್ಗಿತು. ಎರಡು ಸರಾಸರಿ ಬೆರೆಸಿದರೆ ಮೇಲಿನದು ತಗ್ಗುತ್ತದೆ, ಕೆಳಗಿನದು ಏರುತ್ತದೆ, ಅಷ್ಟೇ.

ಹಾಗಾಗಿ ಪ್ರದೇಶ ಪ್ರದೇಶಗಳ ನಡುವಿನ ಅಸಮಾನತೆ ಫ್ರಾನ್ಸಿನಲ್ಲಿ ಹೆಚ್ಚೋ, ಪಕ್ಕದ ಜರ್ಮನಿಯಲ್ಲೋ ಎಂಬುದಕ್ಕೆ ಯಾರಾದರೂ ಒಂದೇ ಅಂಕಿ ಹೇಳಿ ಮುಗಿಸಿದರೆ, ಗೆರೆ ಎಲ್ಲೆಲ್ಲಿ ಎಳೆದಿದ್ದೀರಿ ಎಂದು ನಾನು ಮೊದಲು ಕೇಳುತ್ತೇನೆ. ಜರ್ಮನಿಯ ವೋಲ್ಫ್ಸ್‌ಬುರ್ಗ್ ನೋಡಿ. ಜನಸಂಖ್ಯೆ ಸುಮಾರು 1.25 ಲಕ್ಷ, ಜೊತೆಗೆ ಫೋಕ್ಸ್‌ವ್ಯಾಗನ್‌ನ ದೈತ್ಯ ಕಾರ್ಖಾನೆ. ಕೆಲಸ ಮುಗಿಸಿದ ಹತ್ತಾರು ಸಾವಿರ ಜನ ದಿನವೂ ರೈಲು, ಕಾರು ಹತ್ತಿ ಸುತ್ತಲಿನ ಊರುಗಳಿಗೆ ಹೊರಡುತ್ತಾರೆ. ಅವರ ದುಡಿಮೆ ಲೆಕ್ಕಕ್ಕೆ ಸೇರುವುದು ವೋಲ್ಫ್ಸ್‌ಬುರ್ಗ್‌ಗೆ, ಅವರ ತಲೆ ಎಣಿಕೆ ಮಾತ್ರ ಮಲಗುವ ಊರಿಗೆ. ಭಾಗಿಸಿ ನೋಡಿದರೆ ಈ ನಗರ ತಲಾ ಉತ್ಪನ್ನದಲ್ಲಿ ದೇಶದ ಮುಂಚೂಣಿಗೆ ಬಂದು ಕೂತಿರುತ್ತದೆ!

ಇಂಥ ಎಡವಟ್ಟುಗಳನ್ನು ಬದಿಗಿಟ್ಟರೂ ಅಂತರ ಉಳಿಯುತ್ತದೆ; ಅದರ ಆಕಾರ ಮಾತ್ರ ಎರಡೂ ಕಡೆ ಬೇರೆ. ಫ್ರಾನ್ಸಿನದು ಸರಳ. ದೇಶದ ಐದನೇ ಒಂದು ಭಾಗಕ್ಕಿಂತ ಕಡಿಮೆ ಜನರಿರುವ ಪ್ಯಾರಿಸ್ ಪ್ರಾಂತ್ಯದಿಂದ ಒಟ್ಟು ಉತ್ಪನ್ನದ ಸುಮಾರು ಶೇ. 30 ಬರುತ್ತದೆ. 1842ರ ಕಾನೂನು ಹಾಕಿದ ರೈಲು ಮಾರ್ಗಗಳ ನಕ್ಷೆಯೂ ಪ್ಯಾರಿಸ್‌ನಿಂದ ನಕ್ಷತ್ರದ ಹಾಗೆ ಹರಡಿಕೊಂಡಿದೆ.

ಜರ್ಮನಿಯಲ್ಲಿ ಒಡಕು ಪೂರ್ವ-ಪಶ್ಚಿಮದ್ದು. ಪೂರ್ವದ ಕೆಮ್ನಿಟ್ಸ್‌ನಲ್ಲಿ ನೆಲೆಸಿದ್ದ ಆಟೋ ಯೂನಿಯನ್ ಎಂಬ ಕಾರು ಕಂಪನಿ, ಯುದ್ಧದ ನಂತರ ಊರು ಸೋವಿಯತ್ ವಲಯಕ್ಕೆ ಸೇರಿದ್ದರಿಂದ, 1949ರಲ್ಲಿ ಪಶ್ಚಿಮದ ಬವೇರಿಯಾ ರಾಜ್ಯದ ಇಂಗೋಲ್‌ಸ್ಟಾಟ್‌ನಲ್ಲಿ ಮತ್ತೆ ಹುಟ್ಟಿತು. ಇಂದಿನ ಆಡಿ ಅದೇ. ಬರ್ಲಿನ್‌ನ ಸೀಮನ್ಸ್ ಕಂಪನಿ ಅದೇ ಬವೇರಿಯಾದ ಮ್ಯೂನಿಕ್ ಸೇರಿತು. 1990ರಲ್ಲಿ ಪೂರ್ವ, ಪಶ್ಚಿಮ ಜರ್ಮನಿಗಳು ಮತ್ತೆ ಒಂದಾದಾಗ ಇವು ಹಿಂತಿರುಗಲಿಲ್ಲ. ಮೇಲಾಗಿ ಆ ಜುಲೈ 1ರಂದು ಬೆಲೆ ಕಡಿಮೆಯಿದ್ದ ಪೂರ್ವದ ಹಣದಲ್ಲಿದ್ದ ಸಂಬಳಗಳನ್ನು ಒಂದಕ್ಕೊಂದರಂತೆ ಪಶ್ಚಿಮದ ಮಾರ್ಕ್ ಎಂಬ ಹಣಕ್ಕೆ ಬದಲಿಸಿದ್ದರಿಂದ ಅಲ್ಲಿನ ಹಳೇ ಕಾರ್ಖಾನೆಗಳ ಖರ್ಚು ರಾತ್ರೋರಾತ್ರಿ ಏರಿತು, ಒಂದೊಂದಾಗಿ ಬಾಗಿಲು ಮುಚ್ಚಿದವು.

ಜರ್ಮನಿಯಲ್ಲಿ ಸಿರಿವಂತ ರಾಜ್ಯಗಳು ಉಳಿದವಕ್ಕೆ ಹಣ ಹಂಚುವ ವ್ಯವಸ್ಥೆಯಿದೆ. 1980ರ ದಶಕದವರೆಗೂ ಬವೇರಿಯಾ ಅದರಲ್ಲಿ ಕೈಯೊಡ್ಡುವ ಸಾಲಿನಲ್ಲಿತ್ತು. ಈಗ ಎಲ್ಲರಿಗಿಂತ ಹೆಚ್ಚು ಕೊಡುವುದು ಅದೇ. ಇಷ್ಟೊಂದು ಕೊಡಲಾರೆ ಎಂದು 2023ರಲ್ಲಿ ಸಂವಿಧಾನ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು.