‘ಮೈಮ್ಯಾಗ ಬಂದ’ ಅಂದರೆ ‘ಹತ್ತಿರ ಬಂದ’ ಅಲ್ಲ: ಕೋರ್ಟಿನ ಭಾಷೆ, ನಮ್ಮ ಭಾಷೆ

ಗೋವಾದಲ್ಲಿ ಕಾನೂನು ಓದುತ್ತಿರುವ ಕನ್ನಡದ ಗೆಳೆಯರಿಗೆ ಈ ಟಿಪ್ಪಣಿ.

ಹೋದ ವರ್ಷ ದಕ್ಷಿಣ ಗೋವಾದ ಒಂದು ಕೋರ್ಟಿನಲ್ಲಿ ಜುವಾರಿನಗರದ ನಮ್ಮ ಓಣಿಯ ಚಿಗವ್ವ ಸಾಕ್ಷಿ ಹೇಳಿದರು. ಊರು ಗದಗ ಕಡೆ. "ಅವ ಮೈಮ್ಯಾಗ ಬಂದ ರೀ" ಎಂದರು. ಅನುವಾದಕ್ಕೆ ನಿಂತವರಿಗೆ ಪೇಟೆ ಕನ್ನಡ ಅಷ್ಟೇ ಗೊತ್ತು. ಇಂಗ್ಲಿಷ್ ದಾಖಲೆಯಲ್ಲಿ ಅದು ‘ಹತ್ತಿರ ಬಂದ’ ಎಂದಾಯಿತು. ಹೊಡೆಯಲು ನುಗ್ಗಿದವನು ಸುಮ್ನೆ ನಡೆದು ಬಂದವನಾದ! ಕೊನೆಗೆ "ಬರೆದದ್ದು ಸರಿ ಇದೆಯಾ?" ಎಂದು ಕೇಳಿದರು. ಚಿಗವ್ವ "ಹೂಂ" ಎಂದರು. ನಮ್ಮಲ್ಲಿ ಹೂಂ ಅಂದರೆ ಎಷ್ಟೋ ಸಲ ‘ಕೇಳಿಸ್ತು’ ಅಂತ ಅಷ್ಟೇ, ಅಲ್ವಾ?

ಈಗ ಕಾನೂನು ನೋಡೋಣ. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ ಕಲಂ 312ರ ಪ್ರಕಾರ ಸಾಕ್ಷಿ ಬೇರೆ ಭಾಷೆಯಲ್ಲಿ ಮಾತಾಡಿದರೆ, ಸಾಧ್ಯವಿದ್ದರೆ ಆ ಭಾಷೆಯಲ್ಲೇ ಬರೆದುಕೊಳ್ಳಬಹುದು. ಆಗದಿದ್ದರೆ ಕೋರ್ಟಿನ ಭಾಷೆಗೆ ನಿಜವಾದ ಅನುವಾದ ಆಗಬೇಕು. ಕಲಂ 313 ಇನ್ನೂ ಮುಖ್ಯ. ಬರೆದದ್ದು ಸಾಕ್ಷಿಗೆ ಅರ್ಥವಾಗದ ಭಾಷೆಯಲ್ಲಿದ್ದರೆ, ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಹೇಳಲೇಬೇಕು. ತಪ್ಪಿದೆ ಎಂದು ಸಾಕ್ಷಿ ಹೇಳಿದರೆ ತಿದ್ದಬೇಕು, ಇಲ್ಲವೇ ಆ ಆಕ್ಷೇಪವನ್ನಾದರೂ ಬರೆದಿಡಬೇಕು. ಚಿಗವ್ವನ ಮಾತಿನ ತಪ್ಪು ಅನುವಾದ ತಿದ್ದದೇ ಉಳಿದದ್ದು ಈ ಹಂತದಲ್ಲೇ. ಅನುಮಾನ ಬಂದ ಶಬ್ದವನ್ನು ಅವರು ಆಡಿದ ಹಾಗೇ ದಾಖಲೆಗೆ ಸೇರಿಸಿ ಎಂದು ವಕೀಲರು ಆಗಲೇ ಕೇಳಬೇಕಿತ್ತು.

ಆರೋಪಿಯ ಕಡೆಗೂ ಇದೇ ನ್ಯಾಯ. ಅಂದಿನ ಆರೋಪಿ ತಾಂಡಾದ ಹುಡುಗ, ಮನೆಮಾತು ಲಂಬಾಣಿ. ಕರ್ನಾಟಕದವನು ಅಂದಮೇಲೆ ಕನ್ನಡ ಸಾಕು ಅಂದುಕೊಳ್ಳುವುದು ದೊಡ್ಡ ತಪ್ಪು. ಆರೋಪಿಗೆ ಸಾಕ್ಷ್ಯವನ್ನು ಅನುವಾದಿಸಿ ಹೇಳುವ ಬಗ್ಗೆ ಇರುವ ಕಲಂ 314 ‘ಅವನಿಗೆ ಅರ್ಥವಾಗುವ ಭಾಷೆ’ ಎನ್ನುತ್ತದೆ, ‘ಅವನ ರಾಜ್ಯದ ಭಾಷೆ’ ಎನ್ನುವುದಿಲ್ಲ. ದುಭಾಷಿ ಸರಿಯಾದ ಅನುವಾದವನ್ನೇ ಹೇಳಬೇಕು ಎನ್ನುವುದು ಕಲಂ 317.

ಬಂಧನದ ಹಂತದ ಬಗ್ಗೆ ಎರಡು ಮಾತು. ಕಾರಣ ತಿಳಿಸಬೇಕು ಎನ್ನುತ್ತದೆ ಸಂವಿಧಾನದ ವಿಧಿ 22(1). ಮಹಾರಾಷ್ಟ್ರದಿಂದ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಇದನ್ನು ಬಿಗಿ ಮಾಡಿತು. ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು. ಬಂಧಿಸುವಾಗಲೇ ಕೊಡಲು ಆಗದಿದ್ದರೆ, ರಿಮಾಂಡಿಗೆ, ಅಂದರೆ ಕಸ್ಟಡಿಗೆ ಒಪ್ಪಿಸಲು ಮ್ಯಾಜಿಸ್ಟ್ರೇಟರ ಮುಂದೆ, ಹಾಜರುಪಡಿಸುವ 2 ಗಂಟೆ ಮೊದಲಾದರೂ ಅದು ಕೈಗೆ ಸಿಗಬೇಕು.

ಇನ್ನು ಕಾನೂನಿನ ಪುಸ್ತಕದಲ್ಲಿ ಇಲ್ಲದ ತೊಡಕು. ಸಾಕ್ಷಿಯ ಹಾವಭಾವದ ಬಗ್ಗೆ ನ್ಯಾಯಾಧೀಶರು ಟಿಪ್ಪಣಿ ಬರೆಯಬಹುದು, ಕಲಂ 315. ಚಿಗವ್ವ ಇಡೀ ಹೊತ್ತು ತಲೆ ತಗ್ಗಿಸಿಯೇ ನಿಂತಿದ್ದರು. ಅದು ಮರ್ಯಾದೆ. ಗೊತ್ತಿಲ್ಲದವರಿಗೆ ಅಳುಕಿನ ಹಾಗೆ ಕಾಣುತ್ತದೆ. "ಗಂಡನ ಹೆಸರು?" ಎಂದಾಗ ಸುಮ್ಮನಾದರು. ಒಡಪು (ಗಂಡನ ಹೆಸರು ಸೇರಿಸಿ ಹೇಳುವ ಪ್ರಾಸದ ಸಾಲು) ಹಾಕಿ ಮಾತ್ರ ಆ ಹೆಸರು ಹೇಳಿ ರೂಢಿ ಇರುವ ಹೆಂಗಸು ಕಟಕಟೆಯಲ್ಲಿ ಹೇಗೆ ಹೇಳಬೇಕು? ಗಂಡನ ಹೆಸರಿರುವ ಯಾವುದಾದರೂ ಕಾಗದ ತೋರಿಸಿದರೆ ಮುಗಿಯುವ ಕೆಲಸ ಅದು. ಪಕ್ಕದ ಮನೆಯವನನ್ನು ‘ಅಣ್ಣ’ ಅಂದರೆ ಒಡಹುಟ್ಟಿದವನು ಎಂದು ಬರೆದುಬಿಡುವುದೂ ಇದೆ. ಸಾಕ್ಷಿಯನ್ನು ಕರೆತರುವ ಮೊದಲೇ ಇಂಥವನ್ನು ಕೇಳಿ ತಿಳಿದುಕೊಂಡಿರಿ.

ಆಮೇಲೆ ಸರ್ಕಾರಿ ವಕೀಲರು, ಸಾಕ್ಷಿಯನ್ನು ಮತ್ತೆ ಕರೆಸಲು ಅವಕಾಶ ಕೊಡುವ ಕಲಂ 348ರಲ್ಲಿ ಅರ್ಜಿ ಹಾಕಿದರು. ಚಿಗವ್ವನನ್ನು ಮತ್ತೆ ಕರೆಸಿದರು. ಈ ಸಲ ಧಾರವಾಡ ಕಡೆಯ ದುಭಾಷಿ ಇದ್ದರು. "ಮೈಮ್ಯಾಗ ಬಂದ ಅಂದ್ರ ಹೆಂಗವ್ವಾ?" ಎಂದು ಕೇಳಿದರು. ಚಿಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಲಗೈ ಎತ್ತಿ, ಎರಡು ಹೆಜ್ಜೆ ಮುಂದೆ ನುಗ್ಗಿ ತೋರಿಸಿದರು.