ವಿಯೆಟ್ನಾಂ ಇ-ವೀಸಾ: ನಾವೇ ಮಾಡಿಕೊಳ್ಳಬಹುದಾ, ಏಜೆಂಟ್ ಬೇಕೇ ಬೇಕಾ?

ಪ್ರಶ್ನೆ: ಬೇಸಿಗೆ ರಜೆಗೆ ಮನೆಮಂದಿಯೆಲ್ಲ ವಿಯೆಟ್ನಾಂಗೆ ಹೊರಟಿದ್ದೇವೆ. ವೀಸಾ ಮಾಡಿಸಿಕೊಡಲು ಏಜೆಂಟ್ ಒಬ್ಬರು ತಲೆಗೆ ಇಷ್ಟು ಅಂತ ಕೇಳುತ್ತಿದ್ದಾರೆ. ಇ-ವೀಸಾ ನಾವೇ ಮಾಡಿಕೊಳ್ಳಬಹುದಾ? ಏನಾದರೂ ಎಡವಟ್ಟಾದರೆ ಏನು ಗತಿ?

ಉತ್ತರ: ಖಂಡಿತ ಮಾಡಿಕೊಳ್ಳಬಹುದು. ರಾಯಭಾರ ಕಚೇರಿಗೆ ಹೋಗುವುದು ಬೇಡ, ಸಂದರ್ಶನ ಇಲ್ಲ, ಪಾಸ್‌ಪೋರ್ಟನ್ನು ಕೊರಿಯರ್ ಮಾಡುವುದೂ ಬೇಡ. ಒಬ್ಬರ ಅರ್ಜಿ ತುಂಬಲು ಅರ್ಧ ಗಂಟೆ ಸಾಕು. ಎಡವಟ್ಟು ಆಗುವುದು ಬಹುತೇಕ ಒಂದೇ ಕಡೆ: ಪಾಸ್‌ಪೋರ್ಟಿನಲ್ಲಿ ಇರುವುದು ಒಂದು, ಅರ್ಜಿಯಲ್ಲಿ ಬರೆದದ್ದು ಇನ್ನೊಂದು ಆದಾಗ. ಅದಕ್ಕೇ ಈ ಉತ್ತರದಲ್ಲಿ ಹೆಚ್ಚು ಮಾತು ಅದರ ಬಗ್ಗೆಯೇ ಇದೆ.

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಒಂದು ಸಲ ಒಳಗೆ ಹೋಗುವ ವೀಸಾಕ್ಕೆ ಸರ್ಕಾರಿ ಶುಲ್ಕ 25 ಡಾಲರ್. ಹಲವು ಸಲ ಹೋಗಿ ಬರುವ ವೀಸಾಕ್ಕೆ 50 ಡಾಲರ್. ಅಂದರೆ ಒಂದು ಸಲದ ವೀಸಾ ಆದರೆ ಒಬ್ಬರಿಗೆ ಎರಡು ಸಾವಿರದ ಚಿಲ್ಲರೆ ರೂಪಾಯಿ, ಜೊತೆಗೆ ಕಾರ್ಡಿನ ಸಣ್ಣಪುಟ್ಟ ಖರ್ಚು. ಏಜೆಂಟ್ ಹೇಳಿದ ಮೊತ್ತದಿಂದ ಇದನ್ನು ಕಳೆದರೆ ಅವರ ಕೂಲಿ ಎಷ್ಟು ಅಂತ ಗೊತ್ತಾಗುತ್ತದೆ. ನಾಲ್ಕೈದು ಜನರ ಮನೆಗೆ ಅದು ಜಾಸ್ತಿ ಅನಿಸಿದರೆ ಆಶ್ಚರ್ಯವಿಲ್ಲ. ಅರ್ಜಿ ತಿರಸ್ಕಾರವಾದರೂ ಶುಲ್ಕ ವಾಪಸ್ ಬರುವುದಿಲ್ಲ. ಇದು ನೀವು ಹಾಕಿದರೂ ಅಷ್ಟೇ, ಏಜೆಂಟ್ ಹಾಕಿದರೂ ಅಷ್ಟೇ.

ಈಗ ವೆಬ್‌ಸೈಟ್. ಸರ್ಕಾರದ್ದು ಇವೀಸಾ ಡಾಟ್ ಗವ್ ಡಾಟ್ ವಿಎನ್. ಕೊನೆಯಲ್ಲಿ 'ಗವ್ ಡಾಟ್ ವಿಎನ್' ಇದೆಯಾ ನೋಡಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಮೇಲೆ ಕಾಣುವುದು ಬಹಳ ಸಲ ಜಾಹೀರಾತುಗಳು. ವಿಯೆಟ್ನಾಂ ಬಾವುಟ, ಕೆಂಪು-ಹಳದಿ ಬಣ್ಣ, 'ಅಧಿಕೃತ' ಎನ್ನುವ ಮಾತು ಎಲ್ಲವೂ ಅಲ್ಲಿರುತ್ತವೆ. ಆದರೆ ವಿಳಾಸ ಡಾಟ್ ಕಾಮ್ ಅಥವಾ ಡಾಟ್ ಆರ್ಗ್ ಅಂತ ಮುಗಿಯುತ್ತದೆ. ಅವು ಖಾಸಗಿ ಸೈಟ್‌ಗಳು. ಕೆಲವು ಹೆಚ್ಚು ದುಡ್ಡು ತೆಗೆದುಕೊಂಡಾದರೂ ಕೆಲಸ ಮಾಡಿಕೊಡುತ್ತವೆ, ಕೆಲವು ಅದನ್ನೂ ಮಾಡುವುದಿಲ್ಲ. ನಿಮ್ಮ ಪಾಸ್‌ಪೋರ್ಟಿನ ಚಿತ್ರ ಯಾರ ಕೈಗೆ ಹೋಯಿತು ಅನ್ನುವುದೂ ಗೊತ್ತಾಗುವುದಿಲ್ಲ. ವಿಳಾಸವನ್ನು ನೀವೇ ಟೈಪ್ ಮಾಡಿ ಒಳಗೆ ಹೋಗಿ.

ಅರ್ಜಿಗೆ ಕೂರುವ ಮೊದಲು ಎಲ್ಲರ ಪಾಸ್‌ಪೋರ್ಟನ್ನೂ ತೆಗೆದು ಅವಧಿ ನೋಡಿ. ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು. ದೊಡ್ಡವರದ್ದು ಹತ್ತು ವರ್ಷದ ಪಾಸ್‌ಪೋರ್ಟ್, ಅದು ನೆನಪಿರುತ್ತದೆ. ಮಕ್ಕಳದ್ದು ಐದೇ ವರ್ಷ. ಮಗುವಿಗೆ ಮೂರು ವರ್ಷ ಇದ್ದಾಗ ಮಾಡಿಸಿದ್ದು ಎಂಟಕ್ಕೆ ಮುಗಿದುಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಪ್ರವಾಸ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಇನ್ನೊಂದು ಮಾತು, ಪುಟ್ಟ ಮಕ್ಕಳಿಗೂ ಬೇರೆ ವೀಸಾ ಬೇಕು, ಬೇರೆ ಅರ್ಜಿ ಹಾಕಬೇಕು.

ಬೇಕಾಗುವುದು ಎರಡೇ ಚಿತ್ರ. ಒಂದು ನಿಮ್ಮ ಫೋಟೊ: ಬಿಳಿ ಹಿನ್ನೆಲೆ, ಮುಖ ನೇರ, ಕನ್ನಡಕ ತೆಗೆದಿರಬೇಕು. ಇನ್ನೊಂದು ಪಾಸ್‌ಪೋರ್ಟಿನಲ್ಲಿ ನಿಮ್ಮ ಫೋಟೊ ಇರುವ ಪುಟ. ಆ ಪುಟದ ಕೆಳಗಡೆ ಎರಡು ಉದ್ದ ಸಾಲು ಇರುತ್ತವಲ್ಲ, ಅಕ್ಷರ, ಅಂಕಿ, ಬಾಣದ ಗುರುತು ಎಲ್ಲ ಸೇರಿಕೊಂಡು? ಒಂದೊಂದು ಸಾಲಿನಲ್ಲೂ 44 ಅಕ್ಷರ. ಯಂತ್ರ ಓದುವುದು ಅದನ್ನೇ. ಫ್ಲ್ಯಾಶ್ ಹಾಕಿ ತೆಗೆದರೆ ಅಲ್ಲೇ ಬೆಳಕು ಹೊಳೆದು ಸಾಲು ಅಳಿಸಿದಂತೆ ಕಾಣುತ್ತದೆ. ಹಗಲು ಹೊತ್ತು ಕಿಟಕಿ ಹತ್ತಿರ ಇಟ್ಟು, ಫ್ಲ್ಯಾಶ್ ಇಲ್ಲದೆ, ನಾಲ್ಕು ಮೂಲೆಯೂ ಕಾಣುವಂತೆ ತೆಗೆಯಿರಿ. ಬೆರಳು ಅಡ್ಡ ಬರಬಾರದು.

ಇನ್ನು ಹೆಸರು. ನಮ್ಮ ಕಡೆಯವರಿಗೆ ನಿಜವಾದ ತಲೆನೋವು ಇದೇ. ನಮ್ಮಲ್ಲಿ ಹೆಸರಿನ ಮುಂದೆ ಇನಿಶಿಯಲ್ ಇರುತ್ತದೆ. ಅದು ಅಪ್ಪನ ಹೆಸರೋ, ಊರಿನ ಹೆಸರೋ, ಎರಡೂನೋ ಆಗಿರಬಹುದು. ಆಧಾರ್‌ನಲ್ಲಿ 'ಎಸ್. ಮಂಜುನಾಥ' ಅಂತಿದ್ದವರು ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ 'ಮಂಜುನಾಥ ಶಿವಪ್ಪ' ಆಗಿರುತ್ತಾರೆ. ಆಗ ಶಿವಪ್ಪ ಎನ್ನುವುದು ಸರ್‌ನೇಮ್ ಸಾಲಿನಲ್ಲಿ ಅಚ್ಚಾಗಿರಬಹುದು, ಗಿವನ್ ನೇಮ್ ಸಾಲಿನಲ್ಲೇ ಎರಡೂ ಸೇರಿರಬಹುದು. ವೀಸಾ ಅರ್ಜಿಗೆ ನಿಮ್ಮನ್ನು ಮನೆಯಲ್ಲಿ ಏನಂತ ಕರೆಯುತ್ತಾರೆ ಅನ್ನುವುದು ಮುಖ್ಯವಲ್ಲ. ಆಧಾರ್, ಪ್ಯಾನ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಯಾವುದೂ ಲೆಕ್ಕಕ್ಕಿಲ್ಲ. ಪಾಸ್‌ಪೋರ್ಟಿನ ಸರ್‌ನೇಮ್ ಸಾಲಿನಲ್ಲಿ ಇದ್ದದ್ದು ಅರ್ಜಿಯ ಸರ್‌ನೇಮ್‌ಗೆ, ಗಿವನ್ ನೇಮ್‌ನಲ್ಲಿ ಇದ್ದದ್ದು ಗಿವನ್ ನೇಮ್‌ಗೆ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಹೆಸರಿನಲ್ಲಿ ಒಂದೇ 'ಎ' ಇದೆಯೋ ಎರಡೋ, 'ಥ'ಕ್ಕೆ 'ಎಚ್' ಹಾಕಿದ್ದಾರೋ ಇಲ್ಲವೋ, ಬೆರಳಿಟ್ಟು ನೋಡಿ. ಪಾಸ್‌ಪೋರ್ಟಿನಲ್ಲಿ ತಪ್ಪು ಕಾಗುಣಿತ ಇದ್ದರೆ ಆ ತಪ್ಪನ್ನೇ ಬರೆಯಬೇಕು.

ಸರ್‌ನೇಮ್ ಸಾಲೇ ಖಾಲಿ ಇರುವವರು ನಮ್ಮಲ್ಲಿ ಸಾಕಷ್ಟು ಜನ ಇದ್ದಾರೆ, ಅದರಲ್ಲೂ ಹಿರಿಯರು. ಅವರು ಅಪ್ಪನ ಹೆಸರನ್ನೋ ಗಂಡನ ಹೆಸರನ್ನೋ ತಾವಾಗಿ ತಂದು ಅಲ್ಲಿ ಸೇರಿಸಬಾರದು. ಆಮೇಲೆ ವೀಸಾ ಒಬ್ಬರ ಹೆಸರಿಗೆ, ಪಾಸ್‌ಪೋರ್ಟ್ ಇನ್ನೊಬ್ಬರ ಹೆಸರಿಗೆ ಇದ್ದಂತೆ ಆಗುತ್ತದೆ. ಮುಂದೆಯೂ ವಿದೇಶಕ್ಕೆ ಹೋಗುವ ಯೋಚನೆ ಇದ್ದರೆ, ಪುರುಸೊತ್ತು ಮಾಡಿಕೊಂಡು ಸರ್‌ನೇಮ್ ಸೇರಿಸಿ ಪಾಸ್‌ಪೋರ್ಟ್ ಮರುವಿತರಣೆ ಮಾಡಿಸಿಕೊಳ್ಳುವುದು ಒಳ್ಳೆಯದು. 2022ರ ನವೆಂಬರ್‌ನಲ್ಲಿ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟ್‌ಗಳಿಗೆ ಪ್ರವಾಸಿ ವೀಸಾ ಕೊಡುವುದಿಲ್ಲ ಎಂದಾಗ ಎಷ್ಟು ಜನ ಪರದಾಡಿದರು ನೆನಪಿದೆ ಅಲ್ವಾ?

ಹೆಸರಾದ ಮೇಲೆ ನಂಬರ್. ಭಾರತದ ಪಾಸ್‌ಪೋರ್ಟ್ ನಂಬರ್ ಅಂದರೆ ಒಂದು ಇಂಗ್ಲಿಷ್ ಅಕ್ಷರ, ಆಮೇಲೆ ಏಳು ಅಂಕಿ. ಹಾಗಾಗಿ ಮೊದಲನೆಯದು ಬಿಟ್ಟು ಉಳಿದ ಕಡೆ ಗುಂಡಗೆ ಕಂಡರೆ ಅದು ಸೊನ್ನೆ, 'ಓ' ಅಲ್ಲ. ಹುಟ್ಟಿದ ದಿನಾಂಕದಲ್ಲಿ ದಿನ, ತಿಂಗಳು ಅದಲುಬದಲಾಗಿಲ್ಲ ತಾನೇ ಅಂತಲೂ ನೋಡಿ. ತುಂಬಿದವರು ಒಬ್ಬರು, ಓದಿ ನೋಡುವವರು ಇನ್ನೊಬ್ಬರು ಆದರೆ ಚೆನ್ನ. ನಮ್ಮದೇ ತಪ್ಪು ನಮ್ಮ ಕಣ್ಣಿಗೆ ಬೀಳುವುದು ಕಷ್ಟ.

ದಿನಾಂಕ ಕೇಳಿದ ಕಡೆ ಬಹಳ ಜನ ಟಿಕೆಟ್ ನೋಡಿಕೊಂಡು ಅಷ್ಟೇ ದಿನ ಬರೆಯುತ್ತಾರೆ. ಆರು ದಿನದ ಪ್ರವಾಸಕ್ಕೆ ಆರು ದಿನದ ವೀಸಾ. ಹಾಗೆ ಬಿಗಿಯಾಗಿ ಹಾಕಬೇಡಿ. 2023ರ ಆಗಸ್ಟ್ 15ರಿಂದ ವಿಯೆಟ್ನಾಂ 90 ದಿನದವರೆಗೆ ಇ-ವೀಸಾ ಕೊಡುತ್ತಿದೆ, ಮತ್ತು ಆರು ದಿನಕ್ಕೂ 90 ದಿನಕ್ಕೂ ಶುಲ್ಕ ಒಂದೇ. ಹಿಂದೆ ಮುಂದೆ ಕೆಲವು ದಿನ ಸೇರಿಸಿ ಕೇಳಿ. ವಿಮಾನ ಒಂದು ದಿನ ಹಿಂದೆ ಮುಂದೆ ಆದರೂ, ಅಲ್ಲಿ ಯಾರಿಗಾದರೂ ಹುಷಾರು ತಪ್ಪಿ ಎರಡು ದಿನ ಜಾಸ್ತಿ ಇರಬೇಕಾದರೂ ಚಿಂತೆ ಇರುವುದಿಲ್ಲ. ವೀಸಾ ಶುರುವಾಗುವ ದಿನಕ್ಕಿಂತ ಮೊದಲು ಮಾತ್ರ ಒಳಗೆ ಬಿಡುವುದಿಲ್ಲ.

ಒಂದು ಸಲದ ವೀಸಾ ಸಾಕಾ, ಹಲವು ಸಲದ್ದು ಬೇಕಾ? ಹನೋಯ್, ಡಾ ನಾಂಗ್, ಹೋ ಚಿ ಮಿನ್ ಸಿಟಿ ಅಂತ ಒಳಗೊಳಗೇ ಓಡಾಡುವುದಾದರೆ ಒಂದು ಸಲದ್ದು ಸಾಕು. ಆದರೆ ನಡುವೆ ಕಾಂಬೋಡಿಯಾದ ಅಂಗ್ಕೋರ್ ವಾಟ್ ನೋಡಿ ಮತ್ತೆ ವಿಯೆಟ್ನಾಂಗೆ ಬಂದು ವಿಮಾನ ಹತ್ತುವವರು ಹಲವು ಸಲದ್ದನ್ನೇ ತೆಗೆದುಕೊಳ್ಳಬೇಕು. ವೀಸಾದಲ್ಲಿ ಇನ್ನೂ 80 ದಿನ ಬಾಕಿ ಇದ್ದರೂ, ಒಂದು ಸಲದ ವೀಸಾ ನೀವು ಗಡಿ ದಾಟಿದ ಕ್ಷಣಕ್ಕೆ ಮುಗಿಯಿತು. ಕಾಂಬೋಡಿಯಾದ ವೀಸಾ ಬೇರೆಯೇ, ಅದನ್ನೂ ಮಾಡಿಸಬೇಕು. ಫು ಕುವೊಕ್ ದ್ವೀಪದ ಕಥೆ ಮಾತ್ರ ಬೇರೆ. ಅಲ್ಲಿಗಷ್ಟೇ ಹೋಗಿ, ಅಲ್ಲೇ ಇದ್ದು ಬರುವವರಿಗೆ 30 ದಿನದವರೆಗೆ ವೀಸಾ ಬೇಡ.

ಅರ್ಜಿಯಲ್ಲಿ ಯಾವ ವಿಮಾನ ನಿಲ್ದಾಣದಿಂದ ಒಳಗೆ ಬರುತ್ತೀರಿ ಅಂತ ಆರಿಸಬೇಕು. ಹನೋಯ್‌ನದ್ದು ನೋಯ್ ಬಾಯ್, ಹೋ ಚಿ ಮಿನ್ ಸಿಟಿಯದ್ದು ತಾನ್ ಸೋನ್ ನ್ಯಾಟ್. ಪಟ್ಟಿಯಲ್ಲಿ ಊರಿನ ಬದಲು ಈ ಹೆಸರೇ ಕಂಡರೆ ಗಾಬರಿ ಬೇಡ. ನಿಮ್ಮ ಟಿಕೆಟ್ ಪ್ರಕಾರ ಮೊದಲು ಎಲ್ಲಿ ಇಳಿಯುತ್ತೀರೋ ಅದನ್ನು ಹಾಕಿ. ಉಳಿದುಕೊಳ್ಳುವ ವಿಳಾಸಕ್ಕೆ ಮೊದಲ ಹೋಟೆಲ್‌ನದ್ದು ಸಾಕು. ಧರ್ಮ, ಉದ್ಯೋಗ, ತುರ್ತಿಗೆ ಯಾರನ್ನು ಸಂಪರ್ಕಿಸಬೇಕು ಅಂತೆಲ್ಲ ಕೇಳುತ್ತದೆ. ಇದ್ದದ್ದನ್ನು ಇದ್ದ ಹಾಗೆ ಬರೆದರಾಯಿತು.

ಕೊನೆಗೆ ಪಾವತಿ. 'ಕಾರ್ಡ್ ಕೆಲಸ ಮಾಡ್ತಿಲ್ಲ, ಸೈಟ್ ಸರಿಯಿಲ್ಲ' ಅಂತ ಜನ ಬೇಜಾರಾಗುವುದು ಇಲ್ಲಿ. ಬಹಳ ಸಲ ಸೈಟಿನ ತಪ್ಪಿರುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರಿಂದ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟು ಮೊದಲಿಗೆ ಬಂದ್ ಆಗಿಯೇ ಬರುತ್ತದೆ. ಬ್ಯಾಂಕ್ ಆ್ಯಪ್‌ಗೆ ಹೋಗಿ 'ಇಂಟರ್‌ನ್ಯಾಷನಲ್' ಎನ್ನುವುದನ್ನು ಆನ್ ಮಾಡಿ, ಕೆಲಸ ಮುಗಿದ ಮೇಲೆ ಆಫ್ ಮಾಡಿ. ದುಡ್ಡು ಕಟ್ಟುವ ಮೊದಲು ಒಂದು ನೋಂದಣಿ ಸಂಖ್ಯೆ ಕೊಡುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಫೋಟೊ ಹೊಡೆದಿಟ್ಟುಕೊಳ್ಳಿ. ಆಮೇಲೆ ವೀಸಾ ಬಂತಾ ಅಂತ ನೋಡಲು ಆ ಸಂಖ್ಯೆ, ನಿಮ್ಮ ಇಮೇಲ್, ಹುಟ್ಟಿದ ದಿನಾಂಕ ಮೂರೂ ಬೇಕು. ಇಮೇಲ್ ಬರಲಿ ಅಂತ ಸುಮ್ನೆ ಕಾಯಬೇಡಿ, ನೀವೇ ಸೈಟಿಗೆ ಹೋಗಿ ನೋಡುತ್ತಿರಿ.

ಎಷ್ಟು ದಿನ ಮೊದಲು ಹಾಕಬೇಕು? ನಿಯಮದಲ್ಲಿ ಇರುವುದು ಮೂರು ಕೆಲಸದ ದಿನ. ಶನಿವಾರ, ಭಾನುವಾರ, ಅವರ ಸರ್ಕಾರಿ ರಜೆ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಮಕ್ಕಳಿಗೆ ಬೇಸಿಗೆ ರಜೆ ಇರುವಾಗಲೇ ಅವರಿಗೆ ಏಪ್ರಿಲ್ 30 ಮತ್ತು ಮೇ 1 ಸಾಲು ರಜೆ. ಜನವರಿ-ಫೆಬ್ರವರಿಯಲ್ಲಿ ಬರುವ ಟೆಟ್ ಹೊಸವರ್ಷಕ್ಕಂತೂ ಕಚೇರಿಗಳು ವಾರದ ಹತ್ತಿರ ಮುಚ್ಚಿರುತ್ತವೆ. ಎರಡು ಮೂರು ವಾರ ಮೊದಲೇ ಹಾಕಿಬಿಡಿ. ಫೋಟೊ ಸರಿಯಿಲ್ಲ, ಇನ್ನೊಂದು ಸರಿಯಿಲ್ಲ ಅಂತ ಅರ್ಜಿ ವಾಪಸ್ ಬಂದರೂ ತಿದ್ದಲು ಸಮಯ ಇರುತ್ತದೆ.

ಎಡವಟ್ಟಾದರೆ ಏನು ಗತಿ ಅಂತ ಕೇಳಿದ್ದೀರಲ್ಲ. ವೀಸಾ ಪಿಡಿಎಫ್ ಬಂದ ದಿನವೇ ತೆರೆದು ಹೆಸರು, ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನಾಂಕ, ಎಂದಿನಿಂದ ಎಂದಿನವರೆಗೆ ಅನ್ನುವುದನ್ನು ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ನೋಡಿ. ತಪ್ಪು ಕಂಡರೆ 'ಪರವಾಗಿಲ್ಲ, ನಡೆಯುತ್ತೆ' ಅನ್ನಬೇಡಿ. ಹೊಸ ಅರ್ಜಿ ಹಾಕಿ. ಇನ್ನೊಮ್ಮೆ 25 ಡಾಲರ್ ಹೋಗುತ್ತದೆ, ನಿಜ. ಆದರೆ ಆ ತಪ್ಪು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸ್ ಕೊಡುವವರ ಕಣ್ಣಿಗೆ ಬಿದ್ದರೆ ಅವರು ವಿಮಾನ ಹತ್ತಿಸುವುದಿಲ್ಲ. ಆಗ ಹೋಗುವುದು ಇಡೀ ಟಿಕೆಟ್ ದುಡ್ಡು. ಎಲ್ಲ ಸರಿ ಇದ್ದರೆ ಒಬ್ಬೊಬ್ಬರದ್ದೂ ಎರಡೆರಡು ಪ್ರಿಂಟ್ ತೆಗೆದುಕೊಳ್ಳಿ, ಮೊಬೈಲ್ ಒಂದನ್ನೇ ನಂಬಬೇಡಿ.

ಏಜೆಂಟ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ವಿದೇಶಿ ಪಾವತಿಗೆ ಕಾರ್ಡ್ ಇಲ್ಲದವರು, ಕಂಪ್ಯೂಟರ್ ಮುಂದೆ ಕೂರಲು ಅಂಜುವ ಹಿರಿಯರು, ಇಪ್ಪತ್ತು ಮೂವತ್ತು ಜನರನ್ನು ಕರೆದುಕೊಂಡು ಹೊರಟವರು ಅವರಿಗೆ ಕೊಟ್ಟರೆ ತಪ್ಪೇನಿಲ್ಲ. ಹಾಗೆ ಕೊಟ್ಟರೂ ಎರಡು ಮಾತು ಮೊದಲೇ ಮಾಡಿಕೊಳ್ಳಿ. ಸರ್ಕಾರಿ ಶುಲ್ಕ ಎಷ್ಟು, ಅವರ ಕೂಲಿ ಎಷ್ಟು ಅಂತ ಬೇರೆ ಬೇರೆ ಬರೆದು ಕೊಡಬೇಕು. ಮತ್ತು ವೀಸಾ ಪಿಡಿಎಫ್ ಹೊರಡುವುದಕ್ಕೆ ಕನಿಷ್ಠ ಒಂದು ವಾರ ಮೊದಲು ನಿಮ್ಮ ಕೈಗೆ ಬರಬೇಕು. 'ಏರ್‌ಪೋರ್ಟ್‌ನಲ್ಲಿ ಕೊಡ್ತೀವಿ ಸಾರ್' ಅಂದರೆ ಒಪ್ಪಬೇಡಿ. ಅಲ್ಲಿ ತಪ್ಪು ಕಂಡರೆ ತಿದ್ದಿಸಲು ನಿಮಗೂ ಅವರಿಗೂ ಸಮಯ ಇರುವುದಿಲ್ಲ.