ತಾನಾಗಿ ಮರಿ ಮಾಡುವ ಮೀನಿಗೇ ಏಕೆ ತಡೆ? ಕೊಡಗಿನ ಹಿತ್ತಲ ಅಕ್ವಾಪೋನಿಕ್ಸ್‌ಗೆ ಮೀನು ಆರಿಸುವ ಮುನ್ನ

ಮೀನು ಸಾಕಿದ ನೀರಿನಲ್ಲೇ ಗಿಡವನ್ನೂ ಬೆಳೆಸುವ ಅಕ್ವಾಪೋನಿಕ್ಸ್ ಕಲಿಸುವ ಯಾವ ವಿಡಿಯೊ ತೆರೆದರೂ ಟ್ಯಾಂಕಿನಲ್ಲಿ ಈಜುತ್ತಿರುವುದು ತಿಲಾಪಿಯಾ, ಇಲ್ಲವೇ ಕ್ಯಾಟ್‌ಫಿಶ್. ಎರಡೂ ಗಟ್ಟಿ ಜೀವ. ನೀರು ಕೆಟ್ಟರೂ ತಡೆದುಕೊಳ್ಳುತ್ತವೆ, ಹಾಕಿದ್ದನ್ನು ತಿನ್ನುತ್ತವೆ. ತಿಲಾಪಿಯಾ ಅಂತೂ ಯಾರ ನೆರವೂ ಇಲ್ಲದೆ ಟ್ಯಾಂಕಿನಲ್ಲೇ ಸಂಸಾರ ಹೂಡುತ್ತದೆ. ಈ ಪಾಠವನ್ನು ಕೊಡಗಿನ ಹಿತ್ತಲಿಗೆ ಹಾಗೆಯೇ ಇಳಿಸಲು ಹೊರಟರೆ ಮೊದಲ ಹೆಜ್ಜೆಯಲ್ಲೇ ತೊಡಕು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದೇ ನಿಷಿದ್ಧ. ತಿಲಾಪಿಯಾ ಸಾಕಲು ನೋಂದಣಿ ಬೇಕು, ಮನೆಯಲ್ಲಿ ಮರಿ ಮಾಡಿಸುವಂತಿಲ್ಲ. ಸರಿ, ಕಾನೂನು ಒಪ್ಪುವ ಕಾಟ್ಲಾ, ರೋಹು ತರೋಣ ಎಂದರೆ ಅವು ಟ್ಯಾಂಕಿನಲ್ಲಿ ಎಷ್ಟು ವರ್ಷ ಇದ್ದರೂ ಮೊಟ್ಟೆ ಇಡುವುದಿಲ್ಲ.

ಇದರ ಹಿಂದೆ ಎಪ್ಪತ್ತು ವರ್ಷಗಳ ಕಥೆ ಇದೆ. ಮೊಜಾಂಬಿಕ್ ತಿಲಾಪಿಯಾ ಭಾರತಕ್ಕೆ ಬಂದದ್ದು 1952ರಲ್ಲಿ, ತಮಿಳುನಾಡಿನ ಮಂಡಪಂಗೆ. ಅಗ್ಗದ ಪ್ರೋಟೀನ್ ಬೇಕಿತ್ತು. ಎರಡು ಮೂರು ತಿಂಗಳಿಗೇ ಪ್ರಾಯಕ್ಕೆ ಬಂದು, ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಕಾಯುವ ಮೀನು ವರವಾಗಿ ಕಂಡಿತು. ದಕ್ಷಿಣದ ಕೆರೆ, ಜಲಾಶಯಗಳಿಗೆಲ್ಲ ಬಿಟ್ಟರು. ವೈಗೈ, ಅಮರಾವತಿ ಜಲಾಶಯಗಳಲ್ಲಿ ಅದರದ್ದೇ ರಾಜ್ಯವಾಯಿತು. ಹೆಣ್ಣು ಬೆರಳುದ್ದ ಇರುವಾಗಲೇ ಮರಿ ಮಾಡುವುದರಿಂದ ಕೆರೆ ತುಂಬ ಮೀನು, ಹಿಡಿದರೆ ಎಲ್ಲವೂ ಅಂಗೈಗಿಂತ ಚಿಕ್ಕದು. 1959ರಲ್ಲೇ ಭಾರತೀಯ ಮೀನುಗಾರಿಕೆ ಸಂಶೋಧನಾ ಸಮಿತಿ ಅದರ ಪ್ರಸಾರಕ್ಕೆ ತಡೆ ಹಾಕಿತು. ಅಷ್ಟರಲ್ಲಿ ಅದು ಕಾವೇರಿಯನ್ನೂ ಹೊಕ್ಕಾಗಿತ್ತು. ಮೈಸೂರು ಸೀಮೆಯ ಸಂತೆಗಳಲ್ಲಿ ‘ಜಿಲೇಬಿ ಮೀನು’ ಎಂದು ಮಾರುವುದು ಇದನ್ನೇ.

ಅರ್ಧ ಶತಮಾನದ ಬಳಿಕ, 2009ರಲ್ಲಿ, ಕೇಂದ್ರ ಸರ್ಕಾರ ಷರತ್ತುಗಳೊಂದಿಗೆ ಬಾಗಿಲು ತೆರೆಯಿತು. ಈ ಬಾರಿ ಬಂದದ್ದು ನೈಲ್ ತಿಲಾಪಿಯಾದ ಸುಧಾರಿತ ತಳಿ ‘ಗಿಫ್ಟ್’. ರಾಜೀವ್ ಗಾಂಧಿ ಜಲಕೃಷಿ ಕೇಂದ್ರ ವಿಜಯವಾಡದಲ್ಲಿ ಅದರ ಮರಿ ಉತ್ಪಾದನೆ ಆರಂಭಿಸಿತು. ಷರತ್ತುಗಳ ತಿರುಳು ಇಷ್ಟು: ಎಲ್ಲವೂ ಗಂಡಾಗಿರುವ ಮರಿಗಳನ್ನೇ ಬಿಡಬೇಕು, ಅವು ಅಧಿಕೃತ ಹ್ಯಾಚರಿಯಿಂದಲೇ (ಮೀನುಮರಿ ಉತ್ಪಾದನಾ ಕೇಂದ್ರ) ಬರಬೇಕು, ಸಾಕಣೆದಾರರು ರಾಜ್ಯದ ಮೀನುಗಾರಿಕೆ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು, ನೀರು ಹೊರಹೋಗುವ ಕಡೆ ಜರಡಿ ಇರಬೇಕು. ಎಂದರೆ ಹಿತ್ತಲಿನವರಿಗೆ ತಿಲಾಪಿಯಾದ ಮುಖ್ಯ ಆಕರ್ಷಣೆಯೇ ಹೋಯಿತು. ಅಂಗಡಿಯವರು ಕೊಡುವ ‘ಮಿಶ್ರ ಮರಿ’ಯಲ್ಲಿ ಗಂಡು ಹೆಣ್ಣು ಎರಡೂ ಇದ್ದರೆ ಅದು ನಿಯಮದ ಹೊರಗಿನ ಮಾಲು.

ಕ್ಯಾಟ್‌ಫಿಶ್‌ನದು ಇನ್ನೂ ಕೆಟ್ಟ ಕಥೆ. ಆಫ್ರಿಕನ್ ಮಾಗೂರ್ ಎಂದೂ ಕರೆಯುವ ಆಫ್ರಿಕನ್ ಕ್ಯಾಟ್‌ಫಿಶ್ ಅನುಮತಿ ಇಲ್ಲದೆ ಬಾಂಗ್ಲಾದೇಶದ ಗಡಿ ದಾಟಿ ಬಂದು, ಕಸಾಯಿಖಾನೆಯ ತ್ಯಾಜ್ಯ ತಿಂದು ಕೊಬ್ಬುವ ಮೀನೆಂದು ಹಬ್ಬಿತು. 1997ರಲ್ಲೇ ಕೇಂದ್ರ ಕೃಷಿ ಸಚಿವಾಲಯ ಇದನ್ನು ನಾಶಪಡಿಸುವಂತೆ ರಾಜ್ಯಗಳಿಗೆ ಸೂಚಿಸಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಅದನ್ನೇ ಹೇಳಿತು. ಇಷ್ಟಾದರೂ ‘ನಾಟಿ ಮಾಗೂರ್’ ಹೆಸರಿನಲ್ಲಿ ಮರಿ ಸಿಗುತ್ತಲೇ ಇದೆ. ಸಾಕಿದ್ದು ಆರೇ ತಿಂಗಳಲ್ಲಿ ಕಿಲೋ ದಾಟಿದರೆ ಅದು ನಮ್ಮ ನಾಟಿ ಮಾಗೂರ್ ಅಲ್ಲವೇ ಅಲ್ಲ.

ಹಿತ್ತಲ ಟ್ಯಾಂಕಿನ ನಾಲ್ಕು ಮೀನಿನಿಂದ ನದಿಗೇನು ಕೇಡು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಬೇರೆ ಕಡೆ ಕೇಳಬಹುದೇನೋ, ಕೊಡಗಿನಲ್ಲಿ ಸಲ್ಲದು. ಇಲ್ಲಿ ಹಿತ್ತಲಿನ ನೀರು ತೋಡಿಗೆ, ತೋಡು ಗದ್ದೆಗೆ, ಗದ್ದೆಯ ನೀರು ಕಾವೇರಿಗೋ ಲಕ್ಷ್ಮಣತೀರ್ಥಕ್ಕೋ ಬರಪೊಳೆಗೋ ಸೇರಲು ಒಂದು ಜೋರು ಮಳೆ ಸಾಕು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ನದಿಗಳು ಉಕ್ಕಿದ ಅದೇ ಮಳೆಗೆ ಪಕ್ಕದ ಕೇರಳದಲ್ಲಿ ಸಾಕಣೆ ಕೊಳಗಳು ಒಡೆದವು. ಅಮೆಜಾನ್ ಮೂಲದ ಅರಪೈಮಾ ಚಾಲಕುಡಿ ಹೊಳೆಯಲ್ಲಿ ಬಲೆಗೆ ಬಿತ್ತು.

ಅಪಾಯಕ್ಕೆ ಮೀನು ವಿದೇಶದ್ದೇ ಆಗಬೇಕೆಂದೂ ಇಲ್ಲ. ಕಾವೇರಿಯ ಬಿಳಿಮೀನು, ಅಂದರೆ ಮಹಸೀರ್, ಇದಕ್ಕೆ ಸಾಕ್ಷಿ. ಮಹಾರಾಷ್ಟ್ರದ ಲೋನಾವಳದ ಹ್ಯಾಚರಿಯಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು 1970ರ ದಶಕದಿಂದ ಕಾವೇರಿಗೆ ಬಿಡಲಾಯಿತು. ಉದ್ದೇಶ ಒಳ್ಳೆಯದೇ, ಮಹಸೀರ್ ಹೆಚ್ಚಲಿ ಎಂದು. ಹೆಚ್ಚಿದ್ದು ಹೊರಗಿನಿಂದ ಬಂದದ್ದು. ಕಾವೇರಿಗೇ ಮೀಸಲಾದ, ಬೆನ್ನುಬ್ಬಿದ ಮಹಸೀರ್ 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯ ‘ತೀವ್ರ ಅಳಿವಿನಂಚಿನ’ ವರ್ಗಕ್ಕೆ ಸೇರಿತು. ಹೊಳೆಯಿಂದ ಬಿಳಿಮೀನಿನ ಮರಿ ಹಿಡಿದು ತಂದು ಟ್ಯಾಂಕಿಗೆ ಬಿಡುವ ಯೋಚನೆ ಇದ್ದವರು ಅದನ್ನು ಅಲ್ಲಿಗೇ ಬಿಡುವುದು ಕ್ಷೇಮ.

ಉಳಿದವು ಯಾವುವು?

ಕಾಟ್ಲಾ, ರೋಹು, ಮೃಗಾಲ್ ಗಂಗೆಯ ಬಯಲಿನ ಮೀನುಗಳು. ಮುಂಗಾರಿನ ಕೆಂಪು ಪ್ರವಾಹ ಬಂದಾಗ ಹರಿವ ನೀರಿನಲ್ಲೇ ಮೊಟ್ಟೆ ಇಡುವುದು ಅವುಗಳ ಸ್ವಭಾವ. ನಿಂತ ನೀರಿನಲ್ಲಿ ಮೊಟ್ಟೆ ಬಲಿಯುತ್ತದೆ, ಹೊರಬರುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಅವರು ಹಾರ್ಮೋನ್ ಇರುವ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಮೊಟ್ಟೆ ಇಡಿಸಿದ ಮೇಲೆ ಈ ಮೀನುಗಳ ಮರಿ ಹ್ಯಾಚರಿಯಲ್ಲಿ ಸಿಗುವಂತಾಯಿತು. ಜುಲೈ 10 ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ. ಹಿತ್ತಲಿನವರಿಗೆ ಇದರ ಅರ್ಥ, ರೋಹು ಬೇಕಿದ್ದರೆ ಪ್ರತಿ ಸಲ ಮರಿ ಕೊಳ್ಳಬೇಕು. ಹುಲ್ಲುಗೆಂಡೆಯದೂ (ಗ್ರಾಸ್ ಕಾರ್ಪ್) ಇದೇ ಪಾಡು. ಕ್ಯಾಟ್‌ಫಿಶ್ ಬಳಗದ ಪಂಗಾಸ್ ಕೊಡಗಿನ ಚಳಿಗೆ ನಡುಗುತ್ತದೆ. ಕೊರವ ಮೀನು ನಾಡಿನದೇ, ರುಚಿಯೂ ಹೌದು. ಆದರೆ ಒಂದೇ ಗಾತ್ರದವನ್ನು ಆರಿಸಿ ಬಿಡದಿದ್ದರೆ ದೊಡ್ಡದು ಚಿಕ್ಕದನ್ನು ನುಂಗುತ್ತದೆ. ಕರಾವಳಿಯ ಕರಿಮೀನು ಸಿಹಿನೀರಿನಲ್ಲಿ ಬದುಕಿ ಜೋಡಿಯಾಗಿ ಮೊಟ್ಟೆ ಕಾಯುತ್ತದೆ, ಆದರೆ ವರ್ಷವಿಡೀ ಸಾಕಿದರೂ ಇನ್ನೂರು ಗ್ರಾಂ ಮುಟ್ಟುವುದೇ ಕಷ್ಟ, ತಣ್ಣೀರಂತೂ ಸೇರದು.

ಕಾನೂನಿನ ತಂಟೆ ಇಲ್ಲದೆ, ಹಾರ್ಮೋನ್ ಚುಚ್ಚದೆ, ತಣ್ಣೀರಿನಲ್ಲೂ ಬೆಳೆದು ನಿಂತ ನೀರಿನಲ್ಲೇ ಮರಿ ಮಾಡುವುದು ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್). ಇದೂ ಪರದೇಶಿಯೇ. 1939ರಲ್ಲಿ ಸಿಲೋನಿನಿಂದ ನೀಲಗಿರಿಗೆ ಒಂದು ತಳಿ ಬಂತು, 1957ರಲ್ಲಿ ಬ್ಯಾಂಕಾಕ್‌ನಿಂದ ಕಟಕ್‌ಗೆ ಇನ್ನೊಂದು. ಲೋಕದ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಐಯುಸಿಎನ್ ಪಟ್ಟಿಯಲ್ಲಿ ಮೊಜಾಂಬಿಕ್ ತಿಲಾಪಿಯಾದ ಜೊತೆ ಸಾಮಾನ್ಯ ಗೆಂಡೆಯ ಹೆಸರೂ ಇದೆ. ಆದರೂ ಇಲಾಖೆಯೇ ಇದರ ಮರಿ ಮಾರುತ್ತದೆ. ನಿಯಮ ಬಿಗಿಯಾಗುವ ಮೊದಲೇ ಬಂದು ಬೇರೂರಿದ್ದೇ ಅದಕ್ಕೆ ಸಿಕ್ಕ ರಿಯಾಯಿತಿ. ಆದ್ದರಿಂದ ‘ಕಾನೂನುಬದ್ಧ’ ಎಂದಾಕ್ಷಣ ಹೊಳೆಗೆ ಬಿಡಬಹುದು ಎಂದು ತಿಳಿಯಬೇಡಿ.

ಗೆಂಡೆಯಲ್ಲೂ ತಳಿ ನೋಡಬೇಕು. ಹಳೆಯ ತಳಿ ಆರೆಂಟು ತಿಂಗಳಿಗೇ ಪ್ರಾಯಕ್ಕೆ ಬಂದು, ತಿಂದದ್ದನ್ನೆಲ್ಲ ಮೊಟ್ಟೆಗೆ ಸುರಿದು, ಮೈ ಬೆಳೆಸುವುದನ್ನೇ ಬಿಡುತ್ತದೆ. ಹೆಸರಘಟ್ಟದ ಮೀನುಗಾರಿಕಾ ಸಂಶೋಧನಾ ಕೇಂದ್ರ ಹಂಗೇರಿ ಮೂಲದಿಂದ ಅಭಿವೃದ್ಧಿಪಡಿಸಿದ ‘ಅಮೂರ್’ ಗೆಂಡೆ ತಡವಾಗಿ ಪ್ರಾಯಕ್ಕೆ ಬರುತ್ತದೆ, ಬೇಗ ತೂಗುತ್ತದೆ. ಮರಿ ಕೇಳುವಾಗ ಅಮೂರ್ ಎಂದೇ ಕೇಳಿ.

ಕೊಡಗಿನ ನೀರು

ಮಡಿಕೇರಿ, ಭಾಗಮಂಡಲದ ಕಡೆ ಮಳೆಗಾಲದಲ್ಲಿ ಟ್ಯಾಂಕಿನ ನೀರು 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಡಿಸೆಂಬರ್-ಜನವರಿಯ ಬೆಳಗಿನ ಜಾವ ಇನ್ನೂ ಕೆಳಕ್ಕೆ. ತಿಲಾಪಿಯಾ 17–18 ಡಿಗ್ರಿಗೆ ಬಾಯಿ ಮುಚ್ಚುತ್ತದೆ. ಗೆಂಡೆ ಮಂದವಾದರೂ ತಿನ್ನುತ್ತದೆ. ಕುಶಾಲನಗರ, ಸಿದ್ದಾಪುರದ ಕಡೆ ಇಷ್ಟು ಕಷ್ಟವಿಲ್ಲ.

ಚಳಿಗಿಂತ ಹೆಚ್ಚು ಕಾಡುವುದು ನೀರಿನ ಮೆದುತನ, ಅಂದರೆ ಸುಣ್ಣದಂಶದ ಕೊರತೆ. ಒಂದು ಲೆಕ್ಕ ನೋಡಿ. ಸಾವಿರ ಲೀಟರ್ ಟ್ಯಾಂಕ್, ಅಷ್ಟೇ ಗಾತ್ರದ, ಗಿಡ ಬೆಳೆಯುವ ಒಂದಡಿ ಆಳದ ಜಲ್ಲಿ ಮಡಿ, ತಲಾ 200 ಗ್ರಾಮಿನ 25 ಗೆಂಡೆ. ಒಟ್ಟು 5 ಕಿಲೋ ಮೀನಿಗೆ ತೂಕದ ಶೇ 2ರಂತೆ ದಿನಕ್ಕೆ 100 ಗ್ರಾಂ ಆಹಾರ. ಶೇ 32 ಪ್ರೋಟೀನಿನ ಆ ಆಹಾರದಿಂದ ಸುಮಾರು 3 ಗ್ರಾಂ ಅಮೋನಿಯಾ ಸಾರಜನಕ ಹುಟ್ಟುತ್ತದೆ. ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುವಾಗ ನೀರು ಹುಳಿಯಾಗದಂತೆ ತಡೆಯುವ ಕ್ಷಾರತೆ ಪ್ರತಿ ಗ್ರಾಮಿಗೆ 7 ಗ್ರಾಮಿನಷ್ಟು, ಅಂದರೆ ದಿನಕ್ಕೆ 21 ಗ್ರಾಂ, ಕರಗಿಹೋಗುತ್ತದೆ. ಲೀಟರಿಗೆ 30 ಮಿಲಿಗ್ರಾಂ ಕ್ಷಾರತೆ ಇರುವ ತೋಡಿನ ನೀರು ಟ್ಯಾಂಕು, ಮಡಿ ಸೇರಿ ಒಟ್ಟು 1,500 ಲೀಟರ್ ಇದ್ದರೆ ಅದರಲ್ಲಿರುವುದೇ 45 ಗ್ರಾಂ. ಗಿಡಗಳು ನೈಟ್ರೇಟ್ ಹೀರುವಾಗ ಒಂದಿಷ್ಟು ಮರಳಿ ಕೊಡುತ್ತವೆ. ಬಿಸಿಲೇ ಕಾಣದ ಜುಲೈನಲ್ಲಿ ಅದೂ ಇಲ್ಲ. ಎರಡು ಮೂರು ದಿನದಲ್ಲಿ ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ ದಡಕ್ಕನೆ 6ರ ಕೆಳಗಿಳಿದು, ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸಿ, ಅಮೋನಿಯಾ ಏರತೊಡಗುತ್ತದೆ. ಆಗ ಗಾಬರಿಯಾಗಿ ಸುಣ್ಣ ಕಲಸಿ ಸುರಿಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಸುಟ್ಟ ಸುಣ್ಣ ಪಿಎಚ್ ಅನ್ನು ಒಮ್ಮೆಲೇ 9ಕ್ಕೆ ಹಾರಿಸುತ್ತದೆ, ಅಲ್ಲಿಯವರೆಗೆ ನಿರುಪದ್ರವಿಯಾಗಿದ್ದ ಅಮೋನಿಯಾ ವಿಷವಾಗಿ ಮೀನು ಸಾಯುತ್ತದೆ. ಒಡೆದ ಚಿಪ್ಪನ್ನೋ ಡಾಲಮೈಟ್ ಅನ್ನೋ ಎರಡು ಕಿಲೋ ಬಲೆಚೀಲದಲ್ಲಿ ಕಟ್ಟಿ ನೀರು ಬೀಳುವ ಜಾಗದಲ್ಲಿ ತೂಗುಹಾಕಿದರೆ ನೀರು ಹುಳಿಯಾದಷ್ಟೇ ಕರಗುತ್ತದೆ. ಮೋಡ ಕವಿದ ವಾರಗಳಲ್ಲಿ ಆಹಾರವನ್ನೂ ಅರ್ಧಕ್ಕಿಳಿಸಬೇಕು.

ಮೆದು ನೀರಿನ ಇನ್ನೊಂದು ಶತ್ರು ತಾಮ್ರ. ಮುಂಗಾರಿಗೆ ಮೊದಲು ಮೆಣಸಿನ ಬಳ್ಳಿಗೆ ಮೈಲುತುತ್ತ-ಸುಣ್ಣದ ಶೇ 1ರ ಬೋರ್ಡೋ ದ್ರಾವಣ ಹೊಡೆಯದ ತೋಟವಿಲ್ಲ. ಅದರ ಹನಿ ಮಾಡಿನ ಮೇಲೆ ಬಿದ್ದು, ಮೊದಲ ಮಳೆಗೆ ಟ್ಯಾಂಕಿಗೆ ಇಳಿದರೆ ಕಿವಿರು ಸುಟ್ಟಂತಾಗಿ ಮೀನು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತದೆ. ಗಡಸು ನೀರಿನಲ್ಲಿ ತಡೆದುಕೊಳ್ಳುವಷ್ಟು ತಾಮ್ರ ಕೊಡಗಿನ ನೀರಿನಲ್ಲಿ ಮಾರಕ. ಕಾಫಿಯ ಬೆರ್ರಿ ಬೋರರ್‌ಗೂ ಕಾಂಡಕೊರಕಕ್ಕೂ ಬಳಸುವ ಕ್ಲೋರ್‌ಪೈರಿಫಾಸ್ ಕೀಟನಾಶಕ ಇನ್ನೂ ಕಡಿಮೆ ಪ್ರಮಾಣದಲ್ಲೇ ಕೊಲ್ಲುತ್ತದೆ. ಸಿಂಪಡಣೆಯ ದಿನ ಟ್ಯಾಂಕು, ಮಡಿ ಎರಡಕ್ಕೂ ಟಾರ್ಪಾಲ್ ಹೊದಿಸಿ. ಮಾಡಿನ ನೀರು ಬಳಸುವವರು ಮೊದಲ ಎರಡು ಮೂರು ಮಳೆಯನ್ನು ಹೊರಗೆ ಬಿಡಿ. ಮರ ಬಿದ್ದು ಕರೆಂಟ್ ಹೋದರೆ ಮೂರು ದಿನ ಬಾರದ ಊರುಗಳಿಗೆ 12 ವೋಲ್ಟ್‌ನಲ್ಲಿ ನೇರ ಓಡುವ 10 ವಾಟ್ ಏರ್ ಪಂಪ್ ಬೇಕೇ ಬೇಕು. 150 ಎಎಚ್ ಬ್ಯಾಟರಿ ಅರ್ಧ ಇಳಿಯುವಷ್ಟರಲ್ಲಿ ಆ ಮೂರು ದಿನ ದಾಟುತ್ತದೆ. ಸಾವಿರ ಲೀಟರಿಗೆ 20 ಕಿಲೋ ಮೀನು ಎಂಬ ಪುಸ್ತಕದ ಲೆಕ್ಕವನ್ನು ಇಲ್ಲಿ 8 ಕಿಲೋಗೆ ನಿಲ್ಲಿಸಿ.

ಮರಿ ಮಾಡಿಸುವುದು

ಗೆಂಡೆಗೆ ವರ್ಷದಲ್ಲಿ ಎರಡು ಕಾಲ: ಜನವರಿಯಿಂದ ಮಾರ್ಚ್, ಮತ್ತೆ ಜುಲೈ-ಆಗಸ್ಟ್. ಕೊಡಗಿಗೆ ಹೊಂದುವುದು ನೀರು 22 ಡಿಗ್ರಿ ದಾಟುವ ಫೆಬ್ರವರಿ ಕೊನೆ, ಮಾರ್ಚ್. ಎರಡು ಮೂರು ವಾರ ಮೊದಲೇ ಗಂಡು ಹೆಣ್ಣನ್ನು ಬೇರೆ ಮಾಡಿ. ಹೊಟ್ಟೆ ಮೆದುವಾಗಿ ಉಬ್ಬಿ, ಮಲದ್ವಾರದ ಸುತ್ತ ಕೆಂಪೇರಿದ್ದು ಹೆಣ್ಣು. ಹೊಟ್ಟೆಯನ್ನು ಹಗುರಾಗಿ ಒತ್ತಿದರೆ ಹಾಲಿನಂಥ ವೀರ್ಯ ಬರುವುದು ಗಂಡು. ಒಂದು ಹೆಣ್ಣಿಗೆ ಎರಡು ಗಂಡು. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ ಮತ್ತು ಆಳದ ಹಾಪಾ (ಪೆಟ್ಟಿಗೆಯಾಕಾರದ) ಬಲೆಯನ್ನು ಹೊರಹರಿವಿಲ್ಲದ ತೊಟ್ಟಿಯಲ್ಲಿ ಕಟ್ಟಿ, ಹೆಣ್ಣಿನ ಎರಡರಷ್ಟು ತೂಕದ ಹೈಡ್ರಿಲ್ಲಾ ಜೊಂಡನ್ನು ಚೆನ್ನಾಗಿ ತೊಳೆದು ಹರಡಬೇಕು. ಸಂಜೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಜೊಂಡಿನ ತುಂಬ ಸಾಸಿವೆಗಿಂತ ಚಿಕ್ಕ ಅಂಟುಮೊಟ್ಟೆ. ಕೂಡಲೇ ತಾಯಿ ತಂದೆಯನ್ನು ಎತ್ತಬೇಕು, ಇಲ್ಲದಿದ್ದರೆ ಅವೇ ತಿನ್ನುತ್ತವೆ. ತಿಳಿಹಳದಿಯಾಗಿ ಪಾರದರ್ಶಕವಾಗಿದ್ದದ್ದು ಜೀವಂತ, ಸುಣ್ಣದಂತೆ ಬೆಳ್ಳಗಾದದ್ದು ಸತ್ತದ್ದು. ಸತ್ತವಕ್ಕೆ ಹತ್ತಿಯಂಥ ಬೂಷ್ಟು ಹಿಡಿದು ಪಕ್ಕದವಕ್ಕೂ ಹಬ್ಬುತ್ತದೆ, ಆ ಕಡ್ಡಿಗಳನ್ನು ಕಿತ್ತೆಸೆಯಿರಿ. 25 ಡಿಗ್ರಿಯಲ್ಲಿ ಎರಡು ಮೂರು ದಿನಕ್ಕೆ, 20ರಲ್ಲಿ ನಾಲ್ಕೈದು ದಿನಕ್ಕೆ ಮರಿ ಹೊರಬರುತ್ತದೆ. ಮತ್ತೆ ಮೂರು ದಿನ ಹೊಟ್ಟೆಗೆ ಅಂಟಿಕೊಂಡೇ ಬಂದ ಹಳದಿಯ ಚೀಲದ ಮೇಲೇ ಬದುಕುತ್ತದೆ. ಆಮೇಲೆ ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಸೋಸಿ ಕೊಡಿ, ವಾರದ ಬಳಿಕ ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿಯ ಸಮಪುಡಿ.

ಇಲ್ಲಿರುವ ಪೇಚು ಸಂಖ್ಯೆಯದು. ಕಿಲೋ ತೂಕದ ಹೆಣ್ಣು ಲಕ್ಷ ಮೊಟ್ಟೆ ಇಡುತ್ತದೆ, ಟ್ಯಾಂಕಿಗೆ ಬೇಕಾದ್ದು ಮೂವತ್ತು ಮರಿ. ಒಂದು ಹಿಡಿ ಜೊಂಡು ಉಳಿಸಿಕೊಂಡು ಮಿಕ್ಕಿದ್ದನ್ನು ಬಿಸಿಲಿಗೆ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು, ತೋಡಿಗೆ ಎಸೆಯುವಂತಿಲ್ಲ. ಹೊಸ ಮರಿ ಕೂದಲೆಳೆಯಷ್ಟು ತೆಳ್ಳಗಿರುವುದರಿಂದ ಸೊಳ್ಳೆಪರದೆಯ ಕಣ್ಣಿನಲ್ಲೂ ನುಸುಳುತ್ತದೆ. ಟ್ಯಾಂಕು ತುಂಬಿ ಹೊರಹೋಗುವ ನೀರನ್ನು ಜಲ್ಲಿ, ಮರಳು ತುಂಬಿದ ಇಂಗುಗುಂಡಿಗೇ ತಿರುಗಿಸುವುದು ಖಾತ್ರಿಯ ದಾರಿ. ಒಂದೇ ಜೋಡಿಯ ಅಣ್ಣತಂಗಿಯರಿಂದ ಮತ್ತೆ ಮತ್ತೆ ಮರಿ ಮಾಡಿಸಿದರೆ ಬೆಳವಣಿಗೆ ಕುಂಠಿತವಾಗುತ್ತದೆ, ಬೆನ್ನು ಡೊಂಕಾದವು ಹುಟ್ಟುತ್ತವೆ. ಸ್ವಂತ ಮರಿಯ ಉತ್ಸಾಹ ಇದ್ದವರು ಮಾಡಿ ನೋಡಲಿ. ಊಟಕ್ಕೆ ಮೀನು, ಅಡುಗೆಗೆ ಸೊಪ್ಪು ಸಾಕೆನ್ನುವವರಿಗೆ ವರ್ಷಕ್ಕೊಮ್ಮೆ ಇಲಾಖೆಯ ಮರಿ ಕೊಳ್ಳುವುದೇ ಲಾಭ.

ಕೊಂಡು ತಂದದ್ದನ್ನು ಚೀಲ ಸಮೇತ ಇಪ್ಪತ್ತು ನಿಮಿಷ ಟ್ಯಾಂಕಿನಲ್ಲಿ ತೇಲಿಸಿ, ಸ್ವಲ್ಪಸ್ವಲ್ಪವೇ ನೀರು ಬೆರೆಸಿ ಹದಕ್ಕೆ ತನ್ನಿ. ನಂತರ ನೇರ ಬಿಡದೆ ಬಿಳಿ ಟಬ್ಬಿಗೆ ಸುರಿದು, ಒಂದೊಂದನ್ನೇ ನೋಡಿ. ಗೆಂಡೆಗೆ ಬಾಯಿಯ ಬದಿಗಳಲ್ಲಿ ಎರಡು ಜೊತೆ ಪುಟ್ಟ ಮೀಸೆ. ನಾಲ್ಕು ಜೊತೆ ಉದ್ದ ಮೀಸೆ, ಹುರುಪೆ ಇಲ್ಲದ ನುಣ್ಣನೆ ಮೈ ಇದ್ದರೆ ಕ್ಯಾಟ್‌ಫಿಶ್. ಮೀಸೆಯೇ ಇಲ್ಲದೆ, ಬೆನ್ನುರೆಕ್ಕೆಯಲ್ಲಿ ಮುಳ್ಳುಗಳಿದ್ದು ಅದರ ಹಿಂಭಾಗದ ಬುಡದಲ್ಲಿ ಕಪ್ಪು ಚುಕ್ಕೆ ಕಂಡರೆ ತಿಲಾಪಿಯಾ. ಅಂಥವನ್ನು ಅಲ್ಲೇ ಬೇರ್ಪಡಿಸಿ ಕೊಂದುಬಿಡಿ. ಉಳಿದವನ್ನು ಲೀಟರಿಗೆ 20 ಗ್ರಾಂ ಕಲ್ಲುಪ್ಪಿನ ನೀರಿನಲ್ಲಿ ಎರಡು ನಿಮಿಷ ಅದ್ದಿ, ಉಪ್ಪುನೀರು ಜಲ್ಲಿಮಡಿಗೆ ಹೋಗದಂತೆ ಬಲೆಯಲ್ಲಿ ಎತ್ತಿ ಟ್ಯಾಂಕಿಗೆ ಬಿಡಿ. ಆ ದಿನ ಆಹಾರ ಬೇಡ.